ಜನವರಿಯ ಕಡಿತಕ್ಕೆ ಜುಲೈ ತಿಂಗಳ ಮದ್ದು

ಕಾಫಿ ಕೊಯ್ಲು ಬಿರುಸಾಗುವ ದಿನಗಳಲ್ಲಿ ದಕ್ಷಿಣ ಕೊಡಗಿನ ತೋಟಗಳಿಂದ ನನಗೆ ಬರುವ ಕರೆಗಳಲ್ಲಿ ಕೆಲವು ದನಕರುಗಳಿಗೆ ಸಂಬಂಧಿಸಿದವೇ ಅಲ್ಲ. ತೋಟದ ರೈಟರು ಕರೆ ಮಾಡಿ, "ಡಾಕ್ಟ್ರೇ, ಕೊಯ್ಯೋಕೆ ಬಂದ ಹೆಂಗಸರ ಕಾಲಿಗೆಲ್ಲ ಉಣ್ಣೆ ಹತ್ತಿದೆ, ತೋಟಕ್ಕೆ ಹೊಡೆಯೋಕೆ ಏನಾದ್ರೂ ಮದ್ದು ಹೇಳಿ" ಎನ್ನುತ್ತಾರೆ. ಆ ಮದ್ದನ್ನು ಕಳೆದ ಜುಲೈನಲ್ಲಿ, ಅದೂ ತೋಟಕ್ಕಲ್ಲ, ನಿಮ್ಮ ದನಗಳ ಮೈಗೆ ಹಾಕಬೇಕಿತ್ತು ಎಂದು ನಾನು ಹೇಳಿದರೆ ಅವರಿಗೆ ಬೇಸರವಾಗುತ್ತದೆ. ಆದರೆ ಉಣ್ಣೆಯ ಬದುಕನ್ನು ದಶಕಗಳಿಂದ ಹಿಂಬಾಲಿಸಿದ ಸಂಶೋಧನೆ ಹೇಳುವುದೂ ಇದನ್ನೇ.

ಸರ್ಕಾರಿ ಕರಪತ್ರಗಳಲ್ಲಿ ಉಣುಗು ಎಂದು ಕರೆಯುವ ಈ ಜೀವಿ ಕೀಟವಲ್ಲ, ಜೇಡ ಮತ್ತು ಚೇಳುಗಳ ಬಳಗಕ್ಕೆ ಸೇರಿದ್ದು. ನಮ್ಮ ಕಾಡಂಚಿನಲ್ಲಿ ಮುಖ್ಯವಾದ ಹೀಮಾಫೈಸ್ಯಾಲಿಸ್ ಸ್ಪಿನಿಜೆರಾ ಎಂಬ ಜಾತಿ ತನ್ನ ಜೀವಮಾನದಲ್ಲಿ ಮೂರು ಬಾರಿ ಮಾತ್ರ ರಕ್ತ ಕುಡಿಯುತ್ತದೆ, ಪ್ರತಿ ಸಲವೂ ಬೇರೆ ಪ್ರಾಣಿಯ ಮೇಲೆ. ಆರು ಕಾಲಿನ ಮರಿ ಇಲಿ, ಹಕ್ಕಿ, ಮಂಗಗಳಂಥ ಪ್ರಾಣಿಗಳನ್ನು ಹಿಡಿಯುತ್ತದೆ. ಹೊಟ್ಟೆ ತುಂಬಿದ ಮೇಲೆ ಉದುರಿ, ಪೊರೆ ಕಳಚಿ, ಎಂಟು ಕಾಲಿನ ನಿಂಫ್ ಆಗುತ್ತದೆ. ಆ ನಿಂಫ್ ಮತ್ತೆ ಯಾವುದಾದರೂ ಪ್ರಾಣಿಯನ್ನೋ ಮನುಷ್ಯನನ್ನೋ ಹತ್ತುತ್ತದೆ. ಪ್ರಾಯಕ್ಕೆ ಬಂದ ಉಣ್ಣೆಗೆ ಮಾತ್ರ ದನ, ಕಾಟಿ (ಕಾಡುಕೋಣ), ಕಡವೆಯಂಥ ದೊಡ್ಡ ಪ್ರಾಣಿಗಳೇ ಬೇಕು. ಈ ಮೂರು ಊಟಗಳ ನಡುವಿನ ವಾರಗಳನ್ನೂ ತಿಂಗಳುಗಳನ್ನೂ ಅದು ಕಳೆಯುವುದು ನೆಲದ ತರಗೆಲೆಯ ಅಡಿಯಲ್ಲಿ. ದನದ ಮೈಮೇಲೆ ನಾವು ಕಾಣುವುದು ಅದರ ಬದುಕಿನ ಅತಿ ಚಿಕ್ಕ ಭಾಗವನ್ನಷ್ಟೇ.

ಇದಕ್ಕೆ ಕೊಡಗಿನ ಪಂಚಾಂಗವನ್ನು ಹೊಂದಿಸಿ ನೋಡಿ. ಪ್ರಾಯದ ಉಣ್ಣೆಗಳು ಮುಂಗಾರಿನಲ್ಲಿ, ಅಂದರೆ ನಾಟಿ ಕೆಲಸದಿಂದ ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬದವರೆಗಿನ ಅವಧಿಯಲ್ಲಿ, ದನಗಳ ಮೇಲೆ ಹೆಚ್ಚಾಗಿ ಸಿಗುತ್ತವೆ. ರಕ್ತ ಕುಡಿದು ಉದುರಿದ ಹೆಣ್ಣುಗಳು ಗದ್ದೆಗೆ ಹೊಂದಿದ ಕಾಡುಜಮೀನಾದ ಬಾಣೆಯಲ್ಲಿ, ದೇವರ ಕಾಡಿನ ಅಂಚಿನಲ್ಲಿ ಮೊಟ್ಟೆಯಿಡುತ್ತವೆ. ಮಳೆ ಹಿಂಜರಿದಂತೆ ಮರಿಗಳೇಳುತ್ತವೆ. ಭತ್ತದ ಸುಗ್ಗಿ ಹಬ್ಬ ಪುತ್ತರಿ ಮುಗಿದು ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ ನಿಂಫ್‌ಗಳ ಕಾಲ ಬಂದಿರುತ್ತದೆ. ಅದು ಮೇ ತಿಂಗಳವರೆಗೂ ಎಳೆಯುತ್ತದೆ. ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಈ ನಿಂಫ್‌ಗಳೇ. ಅವು ಗಸಗಸೆ ಕಾಳಿನಷ್ಟಿರುವುದರಿಂದ ಕಚ್ಚಿದ್ದು ಎಷ್ಟೋ ಸಲ ತಿಳಿಯುವುದೇ ಇಲ್ಲ.

ನಾನೂ ಚಳಿಗಾಲದ ಬೆಳಗ್ಗೆ ಬಿಸಿಲೇರುವ ಮುನ್ನ ಒಂದು ಮೀಟರ್ ಉದ್ದದ ಬಿಳಿ ಫ್ಲಾನೆಲ್ ಬಟ್ಟೆಯನ್ನು ಕೋಲಿಗೆ ಕಟ್ಟಿ, ದನ ಓಡಾಡುವ ಹಾದಿಯ ಪಕ್ಕದ ಹುಲ್ಲಿನ ಮೇಲೆ ಎಳೆದು ನೋಡುತ್ತೇನೆ. ಉಣ್ಣೆ ಸಂಶೋಧಕರು ಎಲ್ಲ ದೇಶಗಳಲ್ಲೂ ಬಳಸುವ ವಿಧಾನ ಇದೇ. ಇದಕ್ಕಿಂತ ಅಗ್ಗದ ಉಪಕರಣ ವಿಜ್ಞಾನದಲ್ಲಿ ಇನ್ನೊಂದಿರಲಾರದು. ಹತ್ತು ಹೆಜ್ಜೆಗೊಮ್ಮೆ ಬಟ್ಟೆಯನ್ನು ತಿರುಗಿಸಿದರೆ ಕಂದು ಚುಕ್ಕೆಗಳು ಮೆಲ್ಲಗೆ ಸರಿದಾಡುವುದು ಕಾಣುತ್ತದೆ. ಲೆನ್ಸ್ ಹಿಡಿದರೆ ಮುಂಗಾಲೆರಡನ್ನೂ ಚಾಚಿಕೊಂಡಿರುತ್ತವೆ. ಆ ಮುಂಗಾಲಿನ ತುದಿಯಲ್ಲಿರುವ ಹ್ಯಾಲರ್ ಅಂಗ ಎಂಬ ಪುಟ್ಟ ಗುಳಿಯಿಂದಲೇ ಅವು ನಮ್ಮ ಉಸಿರನ್ನೂ ಮೈಬಿಸಿಯನ್ನೂ ಬೆವರಿನ ವಾಸನೆಯನ್ನೂ ಗ್ರಹಿಸುತ್ತವೆ. ಬಾಯಿಯ ಎರಡು ಬದಿಯ ಸ್ಪರ್ಶಾಂಗಗಳು ಹೊರಕ್ಕೆ ಚಾಚಿಕೊಂಡಿದ್ದರೆ ಅದು ಹೀಮಾಫೈಸ್ಯಾಲಿಸ್. ಬಾಯಿಯ ಬುಡ ಷಟ್ಕೋನದಂತಿದ್ದರೆ ದನ ಅಥವಾ ನಾಯಿಗಳ ಮೇಲಿರುವ ರಿಪಿಸೆಫಾಲಸ್. ನಡುಹಾದಿಗಿಂತ ಹಾದಿಯ ಅಂಚಿನಲ್ಲಿ, ಪೊದೆಗಳ ನೆರಳಿನಲ್ಲಿ ನನ್ನ ಬಟ್ಟೆಗೆ ಹೆಚ್ಚು ಸಿಕ್ಕಿವೆ.

ಸ್ಪಿನಿಜೆರಾ ಮುಖ್ಯವಾಗುವುದು ಅದು ಕಚ್ಚಿ ಮಂಗಗಳಿಗೂ ಮನುಷ್ಯರಿಗೂ ಹರಡುವ ಮಂಗನ ಕಾಯಿಲೆ ಎಂಬ ವೈರಸ್ ಜ್ವರದಿಂದ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ವೈರಸ್ಸನ್ನು ಪತ್ತೆ ಹಚ್ಚಿದರು. ಬಹುಕಾಲ ಇದು ಶಿವಮೊಗ್ಗ ಮತ್ತು ನೆರೆಯ ಮಲೆನಾಡಿನ ರೋಗವೆಂದೇ ನಾವು ಓದಿದ್ದೆವು. 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳನ್ನು ಮುಟ್ಟಿದ ಅರಣ್ಯ ಸಿಬ್ಬಂದಿಗೆ ಅದು ತಗುಲಿತು. ಆ ಬಳಿಕ ವಯನಾಡಿನಲ್ಲೂ ಕಾಣಿಸಿಕೊಂಡಿತು. ಭೂಪಟದಲ್ಲಿ ಬಂಡೀಪುರ, ನಾಗರಹೊಳೆ, ವಯನಾಡುಗಳು ಒಂದೇ ಹಸಿರು ಪಟ್ಟಿ. ಹಾಗಾಗಿ ನಮ್ಮ ಜಿಲ್ಲೆಯ ತೆಂಕಣ ಭಾಗದಲ್ಲಿ ಸತ್ತ ಮಂಗ ಕಂಡರೆ ಅದನ್ನು ಮುಟ್ಟದೆ, ಹೂಳಲೂ ಹೋಗದೆ, ಅರಣ್ಯ ಮತ್ತು ಆರೋಗ್ಯ ಇಲಾಖೆಗೆ ತಿಳಿಸಬೇಕೆಂದು ಹೇಳುತ್ತಲೇ ಇರುತ್ತೇನೆ. ಮಂಗ ಸತ್ತು ಮೈ ತಣ್ಣಗಾಗುತ್ತಿದ್ದಂತೆ ಅದರ ಮೇಲಿದ್ದ ಉಣ್ಣೆಗಳೆಲ್ಲ ಇಳಿದು ಅದೇ ಜಾಗದಲ್ಲಿ ಉಳಿಯುತ್ತವೆ. ಅಪಾಯವಿರುವುದು ಹೆಣದ ಸುತ್ತಲಿನ ನೆಲದಲ್ಲಿ.

ಇಲ್ಲಿ ದನದ ಪಾತ್ರವನ್ನು ಜನ ತಪ್ಪಾಗಿ ತಿಳಿಯುತ್ತಾರೆ. ದನಕ್ಕೆ ಮಂಗನ ಕಾಯಿಲೆ ಬರುವುದಿಲ್ಲ, ವೈರಸ್ಸನ್ನು ಉಳಿಸಿಕೊಂಡು ಹೋಗುವುದರಲ್ಲೂ ಅದಕ್ಕೆ ಹೇಳಿಕೊಳ್ಳುವಂಥ ಪಾಲಿಲ್ಲ, ಹಾಲಿಗೆ ಹೆದರಬೇಕಾಗಿಲ್ಲ. ಆದರೆ ಪ್ರಾಯದ ಉಣ್ಣೆಗೆ ಊಟ ಹಾಕಿ ಸಾವಿರಾರು ಮೊಟ್ಟೆಗಳಿಗೆ ದಾರಿ ಮಾಡುವುದು ಅದೇ. ಕಾಟಿಗೂ ಕಡವೆಗೂ ಮದ್ದು ಹಚ್ಚಲು ಸಾಧ್ಯವಿಲ್ಲ, ಕೊಟ್ಟಿಗೆಯ ದನಕ್ಕೆ ಸಾಧ್ಯ. ಜುಲೈ ಎಂದು ನಾನು ಪಟ್ಟು ಹಿಡಿಯುವುದಕ್ಕೆ ಇಷ್ಟೇ ಕಾರಣ. ಮಳೆಯಲ್ಲಿ ಸಿಂಪಡಿಸಿದ ಮದ್ದು ತೊಳೆದು ಹೋಗುತ್ತದೆ ಎಂಬ ಆಕ್ಷೇಪ ಸರಿಯಾದದ್ದೇ. ಅದಕ್ಕಾಗಿಯೇ ಬೆನ್ನಿನುದ್ದಕ್ಕೂ ಸುರಿಯುವ ಫ್ಲುಮೆಥ್ರಿನ್‌ನಂಥ ಎಣ್ಣೆ ಮದ್ದನ್ನು ದನದ ಮೈ ಒಣಗಿರುವಾಗ ಹಾಕಿ, ಆ ದಿನ ಕೊಟ್ಟಿಗೆಯಲ್ಲೇ ಕಟ್ಟಬೇಕು.

ದನದ ಮೈಮೇಲೆಯೇ ಮರಿಯಿಂದ ಪ್ರಾಯದವರೆಗೆ ಸುಮಾರು 3 ವಾರ ಕಳೆಯುವ ಇನ್ನೊಂದು ಉಣ್ಣೆ ರಿಪಿಸೆಫಾಲಸ್ ಮೈಕ್ರೊಪ್ಲಸ್. ರಕ್ತದ ಕೆಂಪು ಕಣಗಳನ್ನು ಒಡೆಯುವ ಬೆಬಿಸಿಯಾ ರೋಗಾಣುವನ್ನು ಹರಡುವುದು ಇದು. 1893ರಲ್ಲಿ ಅಮೆರಿಕದ ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ಇಂಥದ್ದೇ ದನದ ಉಣ್ಣೆಯಿಂದ, ಬೆಬಿಸಿಯಾದಿಂದಲೇ ಬರುವ ಟೆಕ್ಸಸ್ ಜ್ವರ ಹರಡುವುದನ್ನು ಸಾಬೀತು ಮಾಡಿದರು. ಅಲ್ಲಿನ ದಕ್ಷಿಣದ ದನಗಳು ತಾವು ಚೆನ್ನಾಗಿದ್ದೂ ಉತ್ತರದ ದನಗಳಿಗೆ ಸಾವನ್ನು ಹೊತ್ತು ತರುತ್ತಿದ್ದುದು ಅವರ ಒಗಟಾಗಿತ್ತು. ನಮ್ಮಲ್ಲಿ ಆ ಒಗಟು ಒಂದೇ ಕೊಟ್ಟಿಗೆಯಲ್ಲಿ ಕಾಣಸಿಗುತ್ತದೆ. ಕರುವಾಗಿದ್ದಾಗಿನಿಂದ ಉಣ್ಣೆ ಕಚ್ಚಿಸಿಕೊಂಡು ಪಳಗಿದ ಮಲೆನಾಡು ಗಿಡ್ಡ ಆರಾಮವಾಗಿ ಮೆಲುಕು ಹಾಕುತ್ತಿದ್ದರೆ, ಬಯಲುಸೀಮೆಯಿಂದ ದುಬಾರಿ ಬೆಲೆ ಕೊಟ್ಟು ತಂದ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ತಿಂಗಳೊಳಗೆ ಜ್ವರ ಬಂದು ಮಲಗುತ್ತದೆ.

ವೃತ್ತಿಯ ಮೊದಲ ವರ್ಷಗಳಲ್ಲಿ ಕೆಂಪು ಮೂತ್ರ ಎಂದ ಕೂಡಲೇ ಬೆಬಿಸಿಯಾದ ಚುಚ್ಚುಮದ್ದು ಕೊಟ್ಟು ನಾನು ಪೆಟ್ಟು ತಿಂದಿದ್ದೇನೆ. ಒಂದು ಹಸುವಿಗೆ ಎರಡು ಬಾರಿ ಕೊಟ್ಟರೂ ಗುಣವಾಗಲಿಲ್ಲ. ಮೂರನೆಯ ಸಲ ಹೋದಾಗ ಮನೆಯ ಅಜ್ಜಿ ಮೂತ್ರವನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಜಗಲಿಯ ಮೇಲಿಟ್ಟಿದ್ದರು. ಮೇಲೆ ತಿಳಿಯಾಗಿ, ತಳದಲ್ಲಿ ಬೆರಳಗಲ ರಕ್ತ ಕೂತಿತ್ತು. ಬೆಬಿಸಿಯಾದಲ್ಲಿ ಕಣಗಳು ಒಡೆದು ಅವುಗಳ ಬಣ್ಣ ಮೂತ್ರದಲ್ಲಿ ಕರಗಿರುವುದರಿಂದ ಎಷ್ಟು ಹೊತ್ತಿಟ್ಟರೂ ಅದು ಕಾಫಿ ಡಿಕಾಕ್ಷನ್‌ನಂತೆ ಒಂದೇ ಬಣ್ಣದಲ್ಲಿರುತ್ತದೆ. ತಳಕ್ಕಿಳಿದರೆ ಮೂತ್ರಕೋಶದಿಂದಲೇ ರಕ್ತ ಸೋರುತ್ತಿದೆ ಎಂದರ್ಥ. ಅದು ವರ್ಷಗಟ್ಟಲೆ ಜರಿಗಿಡ ಮೇಯ್ದು ಮೂತ್ರಕೋಶ ಕೆಡಿಸಿಕೊಂಡ ಹಸು. ಈಗ ನಾನು ಮೊದಲು ಬಾಟಲಿ ಕೇಳುತ್ತೇನೆ, ಆಮೇಲೆ ಕಿವಿಯ ತುದಿಯಿಂದ ರಕ್ತದ ಲೇಪ ತೆಗೆಯುತ್ತೇನೆ.

ಉಣ್ಣೆಗೆ ಹೋಲಿಸಿದರೆ ನೊರಜುಗಳ ವಿಷಯದಲ್ಲಿ ನಮ್ಮ ಅಜ್ಞಾನ ಇನ್ನೂ ದೊಡ್ಡದು. ಕ್ಯುಲಿಕಾಯ್ಡಿಸ್ ಎಂಬ ಈ ರಕ್ತ ಹೀರುವ ನೊರಜು 1ರಿಂದ 3 ಮಿಲಿಮೀಟರ್ ಇದ್ದು, ಸೊಳ್ಳೆ ಪರದೆಯ ಕಣ್ಣಿನಲ್ಲೇ ನುಸುಳಿ ಬರುತ್ತದೆ. ಮುಸ್ಸಂಜೆಯಲ್ಲಿ ಮತ್ತು ಬೆಳಕು ಹರಿಯುವಾಗ ಕಚ್ಚುತ್ತದೆ. ಕೆಸರು ಗದ್ದೆಯಲ್ಲೂ ಒದ್ದೆ ಸಗಣಿಯಲ್ಲೂ ಹುಟ್ಟುತ್ತದೆ. ಕುರಿಗಳಿಗೆ ಬರುವ ನೀಲಿ ನಾಲಿಗೆ ರೋಗವನ್ನು ಹರಡುವುದು ಇದೇ. ಕೊಡಗಿನಲ್ಲಿ ಕುರಿ ಕಡಿಮೆಯೆಂದು ನಾವು ನಿಶ್ಚಿಂತರಾಗಿರುತ್ತೇವೆ, ಆದರೆ ದನಗಳು ಯಾವ ಲಕ್ಷಣವನ್ನೂ ತೋರದೆ ಆ ವೈರಸ್ಸನ್ನು ವಾರಗಟ್ಟಲೆ ರಕ್ತದಲ್ಲಿಟ್ಟುಕೊಳ್ಳಬಲ್ಲವು. 2006ರಲ್ಲಿ ಅದು ಉತ್ತರ ಯುರೋಪಿನ ಚಳಿ ನಾಡುಗಳಿಗೂ ನುಗ್ಗಿ, ಅಲ್ಲಿನ ಸ್ಥಳೀಯ ನೊರಜುಗಳೇ ಅದನ್ನು ಹರಡಿದ ಮೇಲೆ, ಈ ಸಣ್ಣ ಹುಳುವನ್ನು ಲೆಕ್ಕಕ್ಕಿಡದ ದೇಶವಿಲ್ಲ. ದನಗಳ ಮೂರು ದಿನದ ಜ್ವರವನ್ನು ಸೊಳ್ಳೆಗಳ ಜೊತೆಗೆ ನೊರಜುಗಳೂ ಹರಡುತ್ತವೆಂದು ಎಣಿಸಲಾಗಿದೆ. ಆ ಜ್ವರದಲ್ಲಿ ನುಂಗುವ ಶಕ್ತಿ ಕುಂದಿರುವುದರಿಂದ ಗೊಟ್ಟದಲ್ಲಿ (ಬಿದಿರಿನ ಕೊಳವೆಯಲ್ಲಿ) ಕಷಾಯ ಕುಡಿಸಬಾರದು. ಕಷಾಯ ಶ್ವಾಸಕೋಶಕ್ಕಿಳಿದು ಸತ್ತ ಹಸುಗಳನ್ನು ಕಂಡಿದ್ದೇನೆ. ನೊರಜು ದುರ್ಬಲ ಹಾರಾಟಗಾರನಾದ್ದರಿಂದ ಕೊಟ್ಟಿಗೆಯಲ್ಲಿ ಸಂಜೆ ಒಂದು ಫ್ಯಾನ್ ತಿರುಗಿಸಿದರೂ ಬಹಳಷ್ಟು ದೂರ ಉಳಿಯುತ್ತದೆ. ಸಗಣಿ ಗುಂಡಿಯನ್ನು ಕೊಟ್ಟಿಗೆಯಿಂದ ದೂರಕ್ಕೆ ಸರಿಸಿದರೆ ಇನ್ನೂ ಒಳ್ಳೆಯದು.

ಮದ್ದು ಸಿಂಪಡಿಸುವಾಗ ಬಾಟಲಿಯ ಮುಚ್ಚಳದಲ್ಲಿ ಅಂದಾಜಿಗೆ ಅಳೆಯುವ ರೂಢಿಯನ್ನು ಬಿಡಬೇಕು. ಕಡಿಮೆ ಹಾಕಿದರೆ ಸಾಯದೆ ಉಳಿದ ಉಣ್ಣೆಗಳು ಮದ್ದಿಗೆ ಬಗ್ಗದ ಸಂತತಿಯನ್ನು ಬಿಟ್ಟು ಹೋಗುತ್ತವೆ. ಸಿಂಪಡಿಸುವ ಮದ್ದಾದ ಡೆಲ್ಟಾಮೆಥ್ರಿನ್‌ಗೆ ಜಗ್ಗದ ಉಣ್ಣೆಗಳು ದೇಶದ ಹಲವೆಡೆ ಈಗಾಗಲೇ ಕಂಡುಬಂದಿವೆ. ಪಂಪನ್ನು ತೋಡಿನಲ್ಲಿ ತೊಳೆದರೆ ಮೀನು ಸಾಯುತ್ತದೆ, ಕಾಫಿ ಹೂ ಬಿಟ್ಟಾಗ ಗಿಡಗಳಿಗೆ ತಾಗಿದರೆ ಜೇನು ಸಾಯುತ್ತದೆ. ಮನುಷ್ಯರ ಮೈಗೆ ಕಚ್ಚಿದ ಉಣ್ಣೆಗೆ ಸುಣ್ಣ, ಸೀಮೆಎಣ್ಣೆ, ಬೀಡಿಯ ಕೆಂಡ ಯಾವುದೂ ಬೇಡ. ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಎಳೆದು ತೆಗೆಯಬೇಕು. ಆ ಬಳಿಕ ಜ್ವರ, ತೀವ್ರ ತಲೆನೋವು, ಮೈಕೈ ನೋವು ಕಂಡರೆ ಕಾಡಂಚಿನ ಕೆಲಸದ ವಿಷಯವನ್ನು ವೈದ್ಯರಿಗೆ ತಾವಾಗಿಯೇ ಹೇಳಬೇಕು, ಏಕೆಂದರೆ ಅವರು ಕೇಳದೆಯೂ ಇರಬಹುದು.

ತೆಗೆದ ಉಣ್ಣೆಯನ್ನು ಹೊಸಕಿ ಬಿಸಾಡದೆ ನನಗೆ ತಂದುಕೊಟ್ಟರೆ ಉಪಕಾರ. ಸಣ್ಣ ಬಾಟಲಿಯಲ್ಲಿ ಸ್ಪಿರಿಟ್ ಹಾಕಿ, ಪ್ರತಿ ಪ್ರಾಣಿಯದ್ದನ್ನು ಬೇರೆ ಬೇರೆಯಾಗಿಟ್ಟು, ಊರು, ತಾರೀಕು ಮತ್ತು ಪ್ರಾಣಿ ಯಾವುದೆಂಬುದನ್ನು ಚೀಟಿಯಲ್ಲಿ ಬರೆದು ಒಳಗೇ ಹಾಕಿ. ಪೆನ್ನು ಬೇಡ, ಸೀಸದ ಕಡ್ಡಿಯಲ್ಲಿ ಬರೆಯಿರಿ. ಸ್ಪಿರಿಟ್ಟಿನಲ್ಲಿ ಶಾಯಿ ಕರಗಿ ಊರಿನ ಹೆಸರೇ ಇಲ್ಲದ ಏಳು ಬಾಟಲಿಗಳು ನನ್ನ ಕಪಾಟಿನಲ್ಲಿ ಈಗಲೂ ಇವೆ.