ಐಪಿ67: ಸ್ಪೀಕರ್ ಡಬ್ಬದ ಮೇಲಿನ ಎರಡು ಅಂಕಿಗಳು

ಬ್ಲೂಟೂತ್ ಸ್ಪೀಕರ್ ಡಬ್ಬದ ಮೇಲೆ ‘ವಾಟರ್‌ಪ್ರೂಫ್’ ಅಂತ ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಪಕ್ಕದಲ್ಲೋ ಹಿಂಬದಿಯಲ್ಲೋ ಸಣ್ಣದಾಗಿ ಐಪಿ67, ಐಪಿಎಕ್ಸ್7, ಐಪಿಎಕ್ಸ್5 ಎಂಬಂಥ ಗುರುತೊಂದು ಇರುತ್ತದೆ. ನೋಡಬೇಕಾದ್ದು ಇದನ್ನೇ. ಎಷ್ಟು ನೀರು, ಎಷ್ಟು ಹೊತ್ತು ಎಂಬ ಲೆಕ್ಕ ಇರುವುದು ಇದರಲ್ಲಿ.

ಐಪಿ ಅಂದರೆ ಇಂಗ್ರೆಸ್ ಪ್ರೊಟೆಕ್ಷನ್. ಹೊರಗಿನ ದೂಳು, ನೀರು ಒಳಗೆ ನುಗ್ಗದಂತೆ ಉಪಕರಣದ ಹೊರಕವಚ ಎಷ್ಟರಮಟ್ಟಿಗೆ ತಡೆಯುತ್ತದೆ ಎಂಬುದರ ಅಳತೆ ಇದು. ಐಇಸಿ 60529 ಎಂಬ ಅಂತರರಾಷ್ಟ್ರೀಯ ಮಾನದಂಡ ಇದಕ್ಕೆ ಆಧಾರ. ನಮ್ಮ ದೇಶದ ಮಾನಕ ಸಂಸ್ಥೆ ಬಿಐಎಸ್ ಕೂಡ ಅದನ್ನು ಐಎಸ್/ಐಇಸಿ 60529 ಎಂದು ಒಪ್ಪಿಕೊಂಡಿದೆ. ಬೀದಿದೀಪ, ಮೊಬೈಲ್‌ಗಳಿಗೂ ಇದೇ ಗುರುತು.

ಮೊದಲ ಅಂಕಿ ದೂಳಿನದು. 6 ಇದ್ದರೆ ದೂಳು ಒಳಗೆ ಹೋಗುವುದಿಲ್ಲ, 5 ಇದ್ದರೆ ಸ್ವಲ್ಪ ಹೋದರೂ ಕೆಲಸಕ್ಕೆ ತೊಂದರೆಯಿಲ್ಲ. ಅಂಕಿಯ ಜಾಗದಲ್ಲಿ ಎಕ್ಸ್ ಇದ್ದರೆ ಆ ಪರೀಕ್ಷೆಯ ಫಲ ಹೇಳಿಲ್ಲ ಎಂದಷ್ಟೇ ಅರ್ಥ, ಸೊನ್ನೆ ಎಂದಲ್ಲ. ಜೆಬಿಎಲ್ ಕಂಪನಿಯ ಫ್ಲಿಪ್ 5 ಸ್ಪೀಕರಿಗೆ ಐಪಿಎಕ್ಸ್7 ಇತ್ತು, ಫ್ಲಿಪ್ 6ಕ್ಕೆ ಐಪಿ67 ಬಂತು. ನೀರಿನ ಅಂಕಿ ಎರಡಕ್ಕೂ ಒಂದೇ, ಹೊಸದಾಗಿ ಸೇರಿದ್ದು ದೂಳಿನ ಭರವಸೆ. ಸ್ಪೀಕರನ್ನು ರಾಶಿ ಮಾಡುವ ಕಣಕ್ಕೋ ಸಮುದ್ರದಂಡೆಗೋ ಒಯ್ಯುವವರಿಗೆ ಈ 6 ಬೇಕೇ ಬೇಕು.

ಜನ ಎಡವುವುದು ಎರಡನೆಯ ಅಂಕಿಯಲ್ಲಿ. 4 ಅಂದರೆ ಯಾವ ಕಡೆಯಿಂದ ನೀರು ಸಿಡಿದರೂ ತಡೆಯುತ್ತದೆ. 5ಕ್ಕೆ 6.3 ಮಿಲಿಮೀಟರ್ ನಳಿಕೆಯಿಂದ ನಿಮಿಷಕ್ಕೆ 12.5 ಲೀಟರ್ ನೀರನ್ನು ಎಲ್ಲ ಕಡೆಯಿಂದ ಹಾಯಿಸಿ ನೋಡುತ್ತಾರೆ. 6ಕ್ಕೆ ಅದು ನಿಮಿಷಕ್ಕೆ 100 ಲೀಟರ್. 7ರ ಪರೀಕ್ಷೆಯ ದಾರಿಯೇ ಬೇರೆ: ಒಂದು ಮೀಟರ್ ಆಳದ ನಿಂತ ನೀರಿನಲ್ಲಿ 30 ನಿಮಿಷ ಮುಳುಗಿಸಿಡುತ್ತಾರೆ. 6ರವರೆಗೆ ದೊಡ್ಡ ಅಂಕಿಯಲ್ಲಿ ಚಿಕ್ಕ ಅಂಕಿಗಳೂ ಸೇರಿವೆ. ಆದರೆ 7 ಪಾಸಾದದ್ದು 5, 6ನ್ನೂ ಪಾಸಾಗಿದೆ ಎಂದು ಮಾನದಂಡ ಹೇಳುವುದಿಲ್ಲ. ಎರಡೂ ಆಗಿದ್ದರೆ ಐಪಿಎಕ್ಸ್5/ಐಪಿಎಕ್ಸ್7 ಎಂದು ಎರಡನ್ನೂ ಬರೆಯಬೇಕು. ಹಾಗಾಗಿ ಬರೀ 7 ಇರುವ ಸ್ಪೀಕರ್ ಬಕೆಟ್‌ಗೆ ಬಿದ್ದರೆ ಗಾಬರಿ ಬೇಡ, ತೆಗೆದು ಒರೆಸಿ. ಕೆಸರಾಯಿತೆಂದು ಗಾಡಿ ತೊಳೆಯುವ ಪೈಪನ್ನು ಮಾತ್ರ ಅದರ ಮೇಲೆ ಹಿಡಿಯಬೇಡಿ, ಬಕೆಟ್ ನೀರಿನಲ್ಲಿ ಅದ್ದಿ ತೊಳೆಯಿರಿ.

ಇನ್ನೊಂದು ಮಾತು: ಈ ಪರೀಕ್ಷೆಗಳೆಲ್ಲ ಹೊಸ ಉಪಕರಣದ ಮೇಲೆ, ಸಿಹಿನೀರಿನಲ್ಲಿ ನಡೆಯುವಂಥವು. ಉಪ್ಪುನೀರು, ಸೋಪು, ಈಜುಕೊಳದ ಕ್ಲೋರಿನ್ ಲೆಕ್ಕಕ್ಕೆ ಬರುವುದಿಲ್ಲ. ಬಚ್ಚಲುಮನೆಯ ಬಿಸಿ ಹಬೆಯೂ 7ರ ಪರೀಕ್ಷೆಯಲ್ಲಿಲ್ಲ. ಮಲ್ಪೆಯಲ್ಲೋ ಗೋಕರ್ಣದಲ್ಲೋ ಅಲೆಗೆ ಸಿಕ್ಕಿದ ಸ್ಪೀಕರನ್ನು ಅಂದೇ ಸಿಹಿನೀರಿನಲ್ಲಿ ಅದ್ದಿ ತೆಗೆಯಬೇಕು. ಒಂದೆರಡು ಸಲ ಕೈಜಾರಿ ಬಿದ್ದು ಸೀಲು ಸಡಿಲಾಗಿದ್ದರೆ ಡಬ್ಬದ ಮೇಲಿನ ಅಂಕಿಯನ್ನು ನೆಚ್ಚಿಕೊಳ್ಳುವಂತಿಲ್ಲ. ತೇಲುತ್ತದೋ ಇಲ್ಲವೋ ಎಂಬುದನ್ನೂ ಐಪಿ ಹೇಳುವುದಿಲ್ಲ, ಕೆರೆಗೆ ಒಯ್ಯುವವರು ಅದನ್ನು ಬೇರೆಯಾಗಿ ವಿಚಾರಿಸಿಕೊಳ್ಳಿ. ಮುಳುಗಿದಾಗ ಹಾಡು ನಿಂತರೆ ಕೆಟ್ಟಿತೆಂದುಕೊಳ್ಳಬೇಡಿ, ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ಅಲೆಗಳನ್ನು ನೀರು ಹೀರಿಬಿಡುತ್ತದೆ.

ಅಡುಗೆಮನೆಯ ಸಿಂಕಿನ ಪಕ್ಕ ಇಡಲು ನನ್ನ ಪ್ರಕಾರ ಐಪಿಎಕ್ಸ್5 ಧಾರಾಳವಾಯಿತು, ಉಳಿದ ದುಡ್ಡನ್ನು ಒಳ್ಳೆಯ ದನಿಗೆ ಹಾಕಿ. ಬ್ಯಾಗಿಗೆ ಸಿಕ್ಕಿಸಿಕೊಂಡು ಮಲೆನಾಡಿನ ಮಳೆಯಲ್ಲಿ ಚಾರಣ ಹೋಗುವವರು ಐಪಿ67ಕ್ಕೆ ಕಡಿಮೆಯದು ಕೊಳ್ಳಬೇಡಿ. ಚಾರ್ಜಿಂಗ್ ತೂತಿಗೆ ರಬ್ಬರ್ ಮುಚ್ಚಳವಿದ್ದರೆ ಅದು ಬಿಗಿಯಾಗಿ ಕೂರುತ್ತದೆಯೇ ಎಂದು ಅಂಗಡಿಯಲ್ಲೇ ಒತ್ತಿ ನೋಡಿ. ಒದ್ದೆಯಾದ ದಿನ ತೂತು ಪೂರ್ತಿ ಒಣಗುವ ತನಕ ಚಾರ್ಜರ್ ಸಿಕ್ಕಿಸಲೇಬೇಡಿ.