ಮೆಟಾಲಿಕಾ ಜಗಳದ ಬೇರು ಎಲ್ಲಿದೆ?

2011ರ ಅಕ್ಟೋಬರ್ 30ರಂದು ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನಮ್ಮ ಹಾಸನದಿಂದಲೂ ಹುಡುಗರು ಬಸ್ ಹತ್ತಿ ಹೋಗಿದ್ದರು. ಅದಕ್ಕೂ ಹತ್ತು ವರ್ಷ ಮೊದಲು ಈ ಬ್ಯಾಂಡ್ ಹೆಚ್ಚುಕಮ್ಮಿ ಮುಗಿದೇ ಹೋಗಿತ್ತು. ಆ ಕಥೆಯನ್ನು ಜೋ ಬರ್ಲಿಂಜರ್ ಮತ್ತು ಬ್ರೂಸ್ ಸಿನೊಫ್‌ಸ್ಕಿ 2004ರ ಸಾಕ್ಷ್ಯಚಿತ್ರ ‘ಸಮ್ ಕೈಂಡ್ ಆಫ್ ಮಾನ್‌ಸ್ಟರ್’ನಲ್ಲಿ ಮುಚ್ಚುಮರೆಯಿಲ್ಲದೆ ತೋರಿಸಿದ್ದಾರೆ. ಕಾಲೇಜ್ ಫೆಸ್ಟ್‌ಗೆ ಬ್ಯಾಂಡ್ ಕಟ್ಟುವ ಇಲ್ಲಿನ ಹುಡುಗರು ಇದನ್ನು ನೋಡಲೇಬೇಕು.

ಸಿನಿಮಾದ ಕಥೆ ಶುರುವಾಗುವುದು 2001ರಲ್ಲಿ ಬ್ಯಾಂಡ್‌ನೊಳಗೆ ಎದ್ದ ಜಗಳದಿಂದ. ನನ್ನ ಪ್ರಕಾರ ಬೇರು ಇರುವುದು 1986ರಲ್ಲಿ.

ಡ್ರಮ್ಮರ್ ಲಾರ್ಸ್ ಉಲ್ರಿಕ್, ಗಾಯಕ ಜೇಮ್ಸ್ ಹೆಟ್‌ಫೀಲ್ಡ್ 1981ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕಟ್ಟಿದ ಬ್ಯಾಂಡ್ ಇದು. 1986ರ ಸೆಪ್ಟೆಂಬರ್‌ನಲ್ಲಿ ಸ್ವೀಡನ್‌ನಲ್ಲಿ ಟೂರ್ ಬಸ್ ಮಗುಚಿ ಬಾಸ್ ಗಿಟಾರ್ ನುಡಿಸುತ್ತಿದ್ದ ಕ್ಲಿಫ್ ಬರ್ಟನ್ ತೀರಿಕೊಂಡರು. ವಯಸ್ಸು ಬರೀ 24. ಅಳುವುದಕ್ಕೂ ಪುರುಸೊತ್ತು ಇರಲಿಲ್ಲ. ಎರಡು ತಿಂಗಳೊಳಗೆ ಜೇಸನ್ ನ್ಯೂಸ್ಟೆಡ್ ಆ ಜಾಗಕ್ಕೆ ಬಂದರು, ಸಂಗೀತ ಕಛೇರಿಗಳು ಮುಂದುವರಿದವು. ಸಂಕಟವನ್ನೆಲ್ಲ ಉಳಿದವರು ಈ ಹೊಸಬರ ಮೇಲೆ ತೀರಿಸಿಕೊಂಡರು. 1988ರ ‘ಆಂಡ್ ಜಸ್ಟಿಸ್ ಫಾರ್ ಆಲ್’ ಆಲ್ಬಂ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಗಿಟಾರ್ ಇದೆ, ಡ್ರಮ್ ಇದೆ. ಜೇಸನ್ ಬಾಸ್ ಮಾತ್ರ ಹುಡುಕಬೇಕು.

1991ರ ಕಪ್ಪು ಮುಖಪುಟದ ಆಲ್ಬಂ ಕೋಟಿಗಟ್ಟಲೆ ಪ್ರತಿ ಮಾರಾಟವಾಯಿತು. ದುಡ್ಡು ಬಂತು, ಒಳಗಿನ ಮಾತು ಒಳಗೇ ಉಳಿಯಿತು. ಜೊತೆಗೆ ಇನ್ನೊಂದು ಬ್ಯಾಂಡ್ ಮಾಡ್ತೀನಿ ಅಂತ ಜೇಸನ್ ಹೊರಟಾಗ ಜೇಮ್ಸ್ ಒಪ್ಪಲಿಲ್ಲ. 2001ರ ಜನವರಿಯಲ್ಲಿ ಜೇಸನ್ ಹೊರನಡೆದರು. ಕೆಲವೇ ತಿಂಗಳಲ್ಲಿ ಜೇಮ್ಸ್ ಕುಡಿತ ಬಿಡಲು ಚಿಕಿತ್ಸೆಗೆ ಸೇರಿದರು. ನಮ್ಮೂರ ಗಣಪತಿ ಹಬ್ಬದ ಆರ್ಕೆಸ್ಟ್ರಾ ತಂಡಗಳೂ ಒಡೆಯುವುದು ಇಂಥ ನುಂಗಿಕೊಂಡ ಮಾತಿನಿಂದಲೇ ಅಲ್ವಾ? ದುಡ್ಡಿನ ಲೆಕ್ಕ ಎಷ್ಟೋ ಸಲ ನೆಪ ಅಷ್ಟೆ.

ಬ್ಯಾಂಡ್ ಉಳಿಸಲು ತಿಂಗಳಿಗೆ 40,000 ಡಾಲರ್ ಕೊಟ್ಟು ಫಿಲ್ ಟೌಲ್ ಎಂಬ ಆಪ್ತಸಲಹೆಗಾರರನ್ನು ಕರೆಸಿದ್ದರು. ಜಾಸ್ತಿ ಆಯ್ತು ಅನ್ನಿಸಬಹುದು. ಆದರೆ ಅವರ ಮುಂದೆ ಕೂತಾಗಲೇ ಇಪ್ಪತ್ತು ವರ್ಷದ ಕೋಪ ಹೊರಬರುವುದು. ಚಿಕಿತ್ಸೆ ಮುಗಿಸಿ ಬಂದ ಜೇಮ್ಸ್, ಮಧ್ಯಾಹ್ನ 12ರಿಂದ 4ರವರೆಗೆ ಮಾತ್ರ ಕೆಲಸ ಅನ್ನುತ್ತಾರೆ. ತಾನಿಲ್ಲದಾಗ ಉಳಿದವರು ರೆಕಾರ್ಡಿಂಗ್ ಕೇಳುವುದೂ ಅವರಿಗೆ ಇಷ್ಟವಿಲ್ಲ. ಲಾರ್ಸ್ ಕೋಣೆಯಲ್ಲಿ ಅತ್ತಿಂದಿತ್ತ ಓಡಾಡುತ್ತಾರೆ. ಕೊನೆಗೆ ಜೇಮ್ಸ್ ಮುಖದ ಹತ್ತಿರಕ್ಕೇ ಬಂದು ಕಿರುಚಿಬಿಡುತ್ತಾರೆ.

ನನ್ನನ್ನು ಜಾಸ್ತಿ ಕಾಡಿದ್ದು ಡೇವ್ ಮಸ್ಟೇನ್. 1983ರಲ್ಲಿ ಬ್ಯಾಂಡ್‌ನಿಂದ ತೆಗೆದು ಬಸ್ ಹತ್ತಿಸಿ ಕಳಿಸಿದ್ದ ಗಿಟಾರಿಸ್ಟ್. ಮೆಗಾಡೆತ್ ಎಂಬ ತನ್ನದೇ ಬ್ಯಾಂಡ್ ಕಟ್ಟಿ ಇಷ್ಟು ಹೆಸರು ಮಾಡಿದ ಮೇಲೂ ಲಾರ್ಸ್ ಎದುರು ಕೂತಾಗ ಆ ನೋವು ಹಾಗೇ ಇದೆ.

2003ರಲ್ಲಿ ರಾಬರ್ಟ್ ಟ್ರುಹಿಯೊ ಬಾಸ್‌ಗೆ ಬಂದರು. ಸೇರಿಸಿಕೊಳ್ಳುವಾಗಲೇ ಹತ್ತು ಲಕ್ಷ ಡಾಲರ್ ಮುಂಗಡ ಕೊಟ್ಟು, ನೀನೂ ನಮ್ಮವನೇ ಅಂತ ಕೂರಿಸಿಕೊಂಡು ಹೇಳಿದರು. ಜೇಸನ್‌ಗೆ 14 ವರ್ಷ ದುಡಿದರೂ ಸಿಗದಿದ್ದದ್ದು ಅದೇ. ರಾಬರ್ಟ್ ಇವತ್ತಿಗೂ ಮೆಟಾಲಿಕಾದಲ್ಲೇ ಇದ್ದಾರೆ.