ನೌಕರರಷ್ಟೇ ಬಳಸುವ ತಂತ್ರಾಂಶಕ್ಕೆ ಯುಎಕ್ಸ್ ಡಿಸೈನರ್ ಯಾಕೆ ಬೇಕು?

ಪ್ರಶ್ನೆ: ತುಮಕೂರಿನ ವಸಂತನರಸಾಪುರದಲ್ಲಿ ನಮ್ಮದೊಂದು ಮಧ್ಯಮ ಗಾತ್ರದ ಕಾರ್ಖಾನೆ ಇದೆ. ಸ್ಟೋರ್ಸ್, ಹಾಜರಿ, ಖರೀದಿ ಎಲ್ಲವೂ ಈಗ ಕಂಪ್ಯೂಟರಿನಲ್ಲೇ ನಡೆಯುತ್ತವೆ. ಈ ತಂತ್ರಾಂಶವನ್ನು ಹೊರಗಿನವರು ಯಾರೂ ನೋಡುವುದಿಲ್ಲ, ನಮ್ಮ ನೌಕರರಂತೂ ಬಳಸಲೇಬೇಕು. ಹೀಗಿರುವಾಗ ಅದಕ್ಕೆ ಯುಎಕ್ಸ್ ಡಿಸೈನರ್ (ಬಳಸುವವರಿಗೆ ಸುಲಭವಾಗುವಂತೆ ತಂತ್ರಾಂಶದ ಪರದೆಗಳನ್ನು ರೂಪಿಸುವವರು) ಯಾಕೆ ಬೇಕು? ಎರಡು ದಿನ ಚೆನ್ನಾಗಿ ತರಬೇತಿ ಕೊಟ್ಟರೆ ಸಾಲದೇ?

ಉತ್ತರ: ಸಾಲದು. ನೌಕರರು ಬಳಸಲೇಬೇಕು ಎಂಬ ನಿಮ್ಮ ಮಾತಿನಲ್ಲೇ ಅದಕ್ಕೆ ಕಾರಣವೂ ಇದೆ. ಗ್ರಾಹಕರಿಗಾಗಿ ಮಾಡಿದ ಆ್ಯಪ್ ಹಿಡಿಸದಿದ್ದರೆ ಜನ ಅದನ್ನು ಫೋನಿನಿಂದ ತೆಗೆದುಹಾಕುತ್ತಾರೆ, ನಷ್ಟ ಎಷ್ಟೆಂದು ಕಂಪನಿಗೆ ಬೇಗ ತಿಳಿಯುತ್ತದೆ. ನೌಕರರಿಗೆ ಬಿಟ್ಟುಹೋಗುವ ಆಯ್ಕೆ ಇಲ್ಲ. ಅವರು ಕೆಲವು ದಿನ ಹೇಳಿ ನೋಡುತ್ತಾರೆ, ಯಾರೂ ಕಿವಿಗೊಡದಿದ್ದಾಗ ಸುಮ್ಮನಾಗಿ ತಮ್ಮದೇ ಅಡ್ಡದಾರಿ ಕಂಡುಕೊಳ್ಳುತ್ತಾರೆ. ಅಲ್ಲಿಂದ ಮುಂದೆ ತಂತ್ರಾಂಶದ ದೋಷ ಆಡಳಿತದ ಕಣ್ಣಿಗೆ ಬೀಳುವುದೇ ಇಲ್ಲ. ಅದನ್ನು ಮತ್ತೆ ಕಣ್ಣಿಗೆ ಬೀಳುವಂತೆ ಮಾಡುವುದು ಡಿಸೈನರ್‌ನ ಮೊದಲ ಕೆಲಸ. ಬಣ್ಣ, ಬಟನ್‌ಗಳ ಮಾತು ಬಹಳ ನಂತರದ್ದು.

ಸ್ಟೋರ್ಸ್ ಗುಮಾಸ್ತರ ಪಕ್ಕದಲ್ಲಿ ಒಂದು ಶಿಫ್ಟ್ ಕುಳಿತರೆ ಇದು ಅರ್ಥವಾಗುತ್ತದೆ. ಲಾರಿ ಗೇಟಿನಲ್ಲಿ ನಿಂತಿದೆ, ಚಾಲಕ ಇನ್ವಾಯ್ಸ್ ಹಿಡಿದು ಕಿಟಕಿಯ ಬಳಿ ಅವಸರ ಮಾಡುತ್ತಿದ್ದಾನೆ. ಇನ್ವಾಯ್ಸಿನಲ್ಲಿ ಮೊದಲಿಗೆ ಸರಬರಾಜುದಾರರ ಹೆಸರು, ಆಮೇಲೆ ಬಿಲ್ ನಂಬರು, ದಿನಾಂಕ, ಕೊನೆಗೆ ಸರಕಿನ ವಿವರ ಇರುತ್ತವೆ. ಆದರೆ ಪರದೆ ಮೊದಲು ಕೇಳುವುದು ಪಿಒ (ಖರೀದಿ ಆದೇಶ) ನಂಬರನ್ನು, ಅದು ಕಾಗದದ ಕೆಳತುದಿಯಲ್ಲಿ ಸಣ್ಣ ಅಕ್ಷರದಲ್ಲಿದೆ, ಕೆಲವೊಮ್ಮೆ ಇರುವುದೇ ಇಲ್ಲ. ಪಿಒ ನಂಬರಿಲ್ಲದೆ ಮುಂದಿನ ಕಾಲಂ ತೆರೆಯುವುದಿಲ್ಲ. ಹೀಗಾಗಿ ಗುಮಾಸ್ತರು ಎಲ್ಲವನ್ನೂ ಉದ್ದನೆಯ ರಿಜಿಸ್ಟರಿನಲ್ಲಿ ಬರೆದುಕೊಂಡು ಲಾರಿಯನ್ನು ಒಳಗೆ ಬಿಡುತ್ತಾರೆ, ಬಿಡುವಾದಾಗ ಒಟ್ಟಿಗೆ ಜಿಆರ್‌ಎನ್ (ಸರಕು ಬಂದದ್ದರ ದಾಖಲೆ) ಹಾಕುತ್ತಾರೆ. ಅಲ್ಲಿಯವರೆಗೆ ಪ್ರೊಡಕ್ಷನ್ ವಿಭಾಗದ ಲೆಕ್ಕದಲ್ಲಿ ಆ ಸರಕು ಬಂದೇ ಇಲ್ಲ. ಮೇಲಿನವರು ಇದನ್ನು ಶಿಸ್ತಿನ ಕೊರತೆ ಎಂದುಕೊಂಡು ಮತ್ತೊಂದು ಸುತ್ತು ತರಬೇತಿ ಏರ್ಪಡಿಸುತ್ತಾರೆ. ಬದಲಾಗಬೇಕಾದದ್ದು ಕಾಲಂಗಳ ಕ್ರಮ. ಮೇಜಿನ ಮೇಲಿನ ಆ ರಿಜಿಸ್ಟರು, ಮಾನಿಟರಿಗೆ ಅಂಟಿಸಿದ ಚೀಟಿ, ಪಕ್ಕದಲ್ಲೇ ತೆರೆದಿಟ್ಟ ಎಕ್ಸೆಲ್ ಹಾಳೆ ಇವೆಲ್ಲವೂ ತಂತ್ರಾಂಶ ಎಲ್ಲಿ ಸೋತಿದೆ ಎಂಬುದಕ್ಕೆ ಪುರಾವೆಗಳು. ನನ್ನ ಮಟ್ಟಿಗೆ ಯಾವ ಸಮೀಕ್ಷೆಯೂ ಇವುಗಳಷ್ಟು ಪ್ರಾಮಾಣಿಕವಲ್ಲ.

ಅನುಭವಿಗಳಿಗೆ ಇಂಥ ತೊಂದರೆ ಇಲ್ಲ ಎನ್ನುವವರು 2020ರ ಆಗಸ್ಟ್‌ನಲ್ಲಿ ಸಿಟಿಬ್ಯಾಂಕ್‌ನಲ್ಲಿ ನಡೆದದ್ದನ್ನು ಗಮನಿಸಬೇಕು. ಸೌಂದರ್ಯವರ್ಧಕಗಳ ಕಂಪನಿ ರೆವ್ಲಾನ್‌ನ ಸಾಲದಲ್ಲಿ ಮಧ್ಯವರ್ತಿಯಾಗಿದ್ದ ಬ್ಯಾಂಕು ಸಾಲದಾತರಿಗೆ ಸುಮಾರು 78 ಲಕ್ಷ ಡಾಲರ್ ಬಡ್ಡಿ ಕಟ್ಟಬೇಕಿತ್ತು. ಅಸಲಿನ ಮೊತ್ತ ಬ್ಯಾಂಕಿನ ಒಳಗಿನ ಖಾತೆಯಲ್ಲೇ ಉಳಿಯಬೇಕಾದರೆ ಫ್ಲೆಕ್ಸ್‌ಕ್ಯೂಬ್ ತಂತ್ರಾಂಶದಲ್ಲಿ ಪ್ರಿನ್ಸಿಪಲ್, ಫ್ರಂಟ್, ಫಂಡ್ ಎಂಬ ಮೂರೂ ಕಾಲಂಗಳನ್ನು ತುಂಬಬೇಕಿತ್ತು. ತುಂಬಿದ್ದು ಒಂದನ್ನು ಮಾತ್ರ. ಮೂವರು ಪರಿಶೀಲಿಸಿ ಒಪ್ಪಿಗೆ ಕೊಟ್ಟ ಮೇಲೂ ಸುಮಾರು 90 ಕೋಟಿ ಡಾಲರ್ ಸಾಲದಾತರ ಪಾಲಾಯಿತು. ಕೈಬಿಟ್ಟುಹೋಗಿದ್ದ ದೊಡ್ಡ ಮೊತ್ತಕ್ಕಾಗಿ ಬ್ಯಾಂಕು ಕೋರ್ಟಿನಲ್ಲಿ ಹೋರಾಡಬೇಕಾಯಿತು, 2022ರಲ್ಲಿ ಮೇಲ್ಮನವಿಯ ತೀರ್ಪು ಅದರ ಪರವಾಗಿ ಬಂತು. ಆ ಮೂವರೂ ಕೆಲಸ ಬಲ್ಲವರೇ ಆಗಿದ್ದರು. ಹಣ ಹೊರಗೆ ಹೋಗುತ್ತಿದೆಯೋ ಒಳಗೇ ಉಳಿಯುತ್ತಿದೆಯೋ ಎಂಬುದನ್ನು ಪರದೆ ಸ್ಪಷ್ಟವಾಗಿ ತೋರಿಸಲಿಲ್ಲ.

ಇನ್ನು ಡಿಸೈನರ್‌ಗಳೂ ಕಲಿಯಬೇಕಾದದ್ದಿದೆ. ಶಾಪಿಂಗ್ ಆ್ಯಪ್‌ಗಳ ರೂಢಿಯಲ್ಲಿ ಬೆಳೆದವರು ಒಳಗಿನ ತಂತ್ರಾಂಶಕ್ಕೂ ವಿಶಾಲವಾದ ಖಾಲಿ ಜಾಗ, ದೊಡ್ಡ ಚಿತ್ರ, ಒಂದೊಂದೇ ಹೆಜ್ಜೆಯ ಪರದೆಗಳನ್ನು ತರುತ್ತಾರೆ. ದಿನವಿಡೀ ಅದೇ ಕೆಲಸ ಮಾಡುವವರಿಗೆ ಇದು ಕಿರಿಕಿರಿ. ಅವರಿಗೆ ಬೇಕಾದದ್ದು ಒಂದೇ ಪರದೆಯಲ್ಲಿ ಹೆಚ್ಚು ಮಾಹಿತಿ, ಮೌಸ್ ಮುಟ್ಟದೆ ಟ್ಯಾಬ್ ಕೀಲಿಯಿಂದಲೇ ಮುಗಿಯುವ ಎಂಟ್ರಿ, ತಪ್ಪಾದಾಗ ಯಾವ ಕಾಲಂನಲ್ಲಿ ಏನು ತಪ್ಪಿದೆ ಎಂದು ತಿಳಿಸುವ ಒಂದು ವಾಕ್ಯ. ಕನ್ನಡದಲ್ಲಿ ಪರದೆ ಮಾಡುವಾಗ ಮತ್ತೊಂದು ಎಚ್ಚರಿಕೆ ಅಗತ್ಯ: ಇಂಗ್ಲಿಷಿನ ಅಳತೆಗೆ ಕಟ್ಟಿದ ಕೋಷ್ಟಕದ ಸಾಲಿನಲ್ಲಿ ಒತ್ತಕ್ಷರಗಳ ಕೆಳಭಾಗ ಕತ್ತರಿಸಿಹೋಗುತ್ತದೆ. ‘ರಾಷ್ಟ್ರೀಯ’, ‘ಉತ್ಪನ್ನ’ದಂಥ ಪದಗಳನ್ನು ಹಾಕಿ ನೋಡಿದರೆ ಇದು ಕೂಡಲೇ ಗೊತ್ತಾಗುತ್ತದೆ, ಆದರೆ ಹಾಗೆ ನೋಡುವವರು ಕಡಿಮೆ.

ಫಲಿತಾಂಶವನ್ನು ಅಳೆಯುವುದು ಕಷ್ಟವಲ್ಲ. ಒಂದು ಜಿಆರ್‌ಎನ್‌ಗೆ ಹಿಡಿಯುವ ಸಮಯ, ತಿದ್ದುಪಡಿಗಳ ಸಂಖ್ಯೆ, ಐಟಿ ವಿಭಾಗಕ್ಕೆ ಬರುವ ಕರೆಗಳು, ಈ ಮೂರನ್ನು ಬದಲಾವಣೆಗೆ ಮೊದಲು ಮತ್ತು ನಂತರ ಬರೆದಿಟ್ಟರೆ ಸಾಕು. ನೌಕರರ ಅಭಿಪ್ರಾಯಕ್ಕೆ 1986ರಲ್ಲಿ ಜಾನ್ ಬ್ರೂಕ್ ರೂಪಿಸಿದ ಹತ್ತು ಪ್ರಶ್ನೆಗಳ ಸಿಸ್ಟಮ್ ಯೂಸೆಬಿಲಿಟಿ ಸ್ಕೇಲ್ ಇದೆ, ಅದರಲ್ಲಿ 100ಕ್ಕೆ 68 ಸರಾಸರಿ ಅಂಕ ಎಂದು ಪರಿಗಣಿಸುವುದು ವಾಡಿಕೆ.

ನಿಮ್ಮ ಗಾತ್ರದ ಕಾರ್ಖಾನೆಗೆ ಪೂರ್ಣಾವಧಿ ಡಿಸೈನರ್ ಬೇಕೆಂದೇನೂ ಇಲ್ಲ. ಕೊಂಡುತಂದ ಇಆರ್‌ಪಿಯಲ್ಲೂ (ಎಲ್ಲ ವಿಭಾಗಗಳ ಕೆಲಸವನ್ನು ಒಂದೆಡೆ ನಡೆಸುವ ತಂತ್ರಾಂಶ) ಕಾಲಂಗಳ ಕ್ರಮ ಬದಲಿಸಲು, ಬೇಡದವನ್ನು ಮರೆಮಾಡಲು, ಪದೇ ಪದೇ ಬರುವ ವಿವರ ತಾನಾಗಿ ತುಂಬುವಂತೆ ಮಾಡಲು ಸಾಮಾನ್ಯವಾಗಿ ಅವಕಾಶವಿರುತ್ತದೆ. ಕೆಲವು ವಾರಗಳ ಮಟ್ಟಿಗೆ ಒಬ್ಬರನ್ನು ಕರೆಸಿ, ಅವರನ್ನು ಮೀಟಿಂಗ್ ಕೋಣೆಯ ಬದಲು ಸ್ಟೋರ್ಸ್‌ನಲ್ಲೇ ಕೂರಿಸಿ, ಪರದೆ ಬದಲಿಸುವ ಮುನ್ನ ಗುಮಾಸ್ತರ ಒಪ್ಪಿಗೆ ಪಡೆಯಿರಿ. ತರಬೇತಿಯನ್ನು ಅದಾದ ಮೇಲೆ ಇಟ್ಟುಕೊಳ್ಳಿ.